ಪದ ಕೇಳಿ: ಲೈನ್ ಅಂದರೆ ಯಾವ ಲೈನು?

ಕಳೆದ ಸಂಚಿಕೆಯಲ್ಲಿ ರೇಷನ್ ಅಂಗಡಿ ಮುಂದೆ ಲೈನ್ ನಿಲ್ಲುವುದಕ್ಕೆ ಇಂಗ್ಲಿಷ್‌ನಲ್ಲಿ ಏನನ್ನುತ್ತಾರೆ ಅಂತ ಒಬ್ಬರು ಕೇಳಿದ್ದರು. ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಮುಂದೆ ಹೋಗಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ 'ಲೈನ್' ಬಗ್ಗೆಯೇ ಇವೆ. ಬೇಲೂರು, ಮೂಡಿಗೆರೆ, ಕಡೂರು, ಸಕಲೇಶಪುರ, ಎಲ್ಲ ಕಡೆಯಿಂದ ಬಂದಿವೆ. ಅದಕ್ಕೇ ಈ ಸಲ ಬೇರೆ ಪದಗಳನ್ನೆಲ್ಲ ಬದಿಗಿಟ್ಟು ಇದೊಂದನ್ನೇ ಹಿಡಿದುಕೊಂಡಿದ್ದೇನೆ. ಹಾಸನದ ನಮ್ಮ ಬೀದಿಯಲ್ಲೇ ನೋಡಿ, ಕರೆಂಟ್ ಹೋದರೆ 'ಲೈನ್ ಟ್ರಬಲ್' ಅನ್ನುತ್ತೇವೆ, ಮಕ್ಕಳಿಗೆ 'ಲೈನಾಗಿ ನಿಂತ್ಕೊಳ್ಳಿ' ಅನ್ನುತ್ತೇವೆ, ಮಗನ ಕೆಲಸದ ಬಗ್ಗೆ ಕೇಳಿದರೆ 'ಅವನು ಮೊಬೈಲ್ ರಿಪೇರಿ ಲೈನಿಗೆ ಹೋದ' ಅನ್ನುತ್ತೇವೆ. ಈ ಪದ ನಮ್ಮ ಮನೆಯದೇ ಆಗಿಹೋಗಿದೆ.

ಪ್ರಶ್ನೆ: ನಾನು ಬ್ಲೌಸ್ ಹೊಲಿಯುವವಳು. ಒಳಗೆ ಕೊಡುವ ಬಟ್ಟೆಗೂ ಲೈನಿಂಗ್ ಅನ್ನುತ್ತೇವೆ, ಗೆರೆ ಗೆರೆ ಇರುವ ಶರ್ಟಿಗೂ ಲೈನಿಂಗ್ ಶರ್ಟ್ ಅನ್ನುತ್ತೇವೆ. ಒಳಗಿನ ಬಟ್ಟೆಯಲ್ಲಿ ಒಂದು ಗೆರೆಯೂ ಇರುವುದಿಲ್ಲ. ಮತ್ತೆ ಎರಡಕ್ಕೂ ಒಂದೇ ಹೆಸರು ಹೇಗೆ ಬಂತು?
ಓದುಗರು, ಬೇಲೂರು

ಸರಿಯಾದ ತುದಿಯನ್ನೇ ಹಿಡಿದಿದ್ದೀರಿ. ಈ ಪದ ಹುಟ್ಟಿದ್ದೇ ಬಟ್ಟೆಯಲ್ಲಿ.

ಅಗಸೆ ಬೀಜ ಗೊತ್ತಲ್ವಾ? ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿಕೊಂಡು ತಿನ್ನುತ್ತಾರೆ. ನಮ್ಮ ಕಡೆ ಅಗಸೆ ಅಂದರೆ ಕೆಲವರಿಗೆ ಅಗಸೆ ಮರ ನೆನಪಾಗುತ್ತದೆ, ಅದು ಬೇರೆ. ನಾನು ಹೇಳುತ್ತಿರುವುದು ನೀಲಿ ಹೂ ಬಿಡುವ ಸಣ್ಣ ಗಿಡ. ಅದರ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ದಾರ ನೂಲುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಗಿಡದ ಹೆಸರು ಲೀನುಮ್. ಅದರ ದಾರ ಲಿನೆಯಾ. ಅದೇ ಮುಂದೆ ಇಂಗ್ಲಿಷ್‌ಗೆ ಬಂದು ಲೈನ್ ಆಯಿತು. ಅಂದರೆ ಲೈನ್ ಅನ್ನುವುದಕ್ಕೆ ಮೊದಲು ಇದ್ದ ಅರ್ಥ ಗೆರೆ ಅಲ್ಲ, ದಾರ, ಹಗ್ಗ. ಇವತ್ತಿಗೂ ಬಟ್ಟೆ ಒಣಗಿಸುವ ಹಗ್ಗ ಕ್ಲೋತ್ಸ್‌ಲೈನ್, ಮೀನು ಹಿಡಿಯುವ ಗಾಳದ ದಾರ ಫಿಶಿಂಗ್ ಲೈನ್.

ಅದೇ ದಾರದ ಬಟ್ಟೆ ಲಿನನ್. ಹಿಂದೆ ಉಣ್ಣೆಯ ಕೋಟು ಮೈಗೆ ಚುಚ್ಚಬಾರದು ಅಂತ ಒಳಗಡೆ ಲಿನನ್ ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು. ಲಿನನ್ ಕೊಡುವ ಕೆಲಸಕ್ಕೆ 'ಟು ಲೈನ್' ಅನ್ನುವ ಕ್ರಿಯಾಪದವೇ ಹುಟ್ಟಿತು. ಅಲ್ಲಿಂದ ಲೈನಿಂಗ್. ನಿಮ್ಮ ಮಷಿನ್ ಮೇಲೆ ಇರುವ ಕಾಟನ್ ಲೈನಿಂಗ್ ಬಟ್ಟೆಗೂ ಗೆರೆಗೂ ಸಂಬಂಧವಿಲ್ಲ, ಅದು ಅಗಸೆ ನಾರಿನ ನೇರ ಸಂತಾನ. ಪೇಂಟಿನವರು ಬಳಸುವ ಲಿನ್‌ಸೀಡ್ ಎಣ್ಣೆಯೂ ಇದೇ ಬಳಗದ್ದು, ಅಗಸೆ ಬೀಜದ ಎಣ್ಣೆ.

ಇನ್ನು ಗೆರೆ ಶರ್ಟು. ಅದಕ್ಕೆ ಇಂಗ್ಲಿಷ್‌ನಲ್ಲಿ ಸ್ಟ್ರೈಪ್ಡ್ ಶರ್ಟ್ ಅನ್ನಬೇಕು. ಚೌಕಳಿ ಇದ್ದರೆ ಚೆಕ್ಸ್. ಹೊರಗಿನವರ ಹತ್ತಿರ ಲೈನಿಂಗ್ ಶರ್ಟ್ ಅಂದರೆ ಒಳಬಟ್ಟೆ ಕೊಟ್ಟ ಶರ್ಟ್ ಅಂತ ತಿಳಿಯುತ್ತಾರೆ. ನಿಮ್ಮ ಅಂಗಡಿಗೆ ಬರುವವರ ಹತ್ತಿರ ಸುಮ್ನೆ ಲೈನಿಂಗ್ ಶರ್ಟ್ ಅಂತಲೇ ಹೇಳಿ. ಅವರಿಗೂ ಗೊತ್ತು, ನಿಮಗೂ ಗೊತ್ತು.

ದಾರ ಯಾವಾಗ ಗೆರೆಯಾಯಿತು ಅಂತ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆ ಕಟ್ಟುವಾಗ ಬಾಗಿಲಿಗೆ ಹಲಸಿನ ಹಲಗೆ ತಂದಿದ್ದೆವು. ಬಡಗಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ತೆಂಗಿನ ಚಿಪ್ಪಿನಲ್ಲಿ ಕಲಸಿಕೊಂಡು ಅದರಲ್ಲಿ ದಾರ ಅದ್ದಿದರು. ಒಂದು ತುದಿ ಅವರ ಮಗ ಹಿಡಿದ, ಇನ್ನೊಂದು ತುದಿಯನ್ನು ಅವರು ಹೆಬ್ಬೆರಳಿನಲ್ಲಿ ಒತ್ತಿಕೊಂಡರು. ನಡುವೆ ದಾರವನ್ನು ಎರಡು ಬೆರಳಲ್ಲಿ ಮೇಲಕ್ಕೆಳೆದು ಬಿಟ್ಟರು. ಟಪ್ ಅಂತು. ದಾರ ತೆಗೆದ ಮೇಲೆ ಹಳದಿ ಹಲಗೆಯ ಮೇಲೆ ಕೂದಲೆಳೆ ಅಗಲದ ನೀಲಿ ಗೆರೆ ಉಳಿದಿತ್ತು, ಒಂದಿಷ್ಟೂ ಸೊಟ್ಟ ಇರಲಿಲ್ಲ. ಲೈನ್ ಅನ್ನುವ ಪದ ನಡೆದು ಬಂದ ದಾರಿಯೂ ಇದೇ. ದಾರ ಹೋಯಿತು, ದಾರದ ಹೆಸರು ಗೆರೆಗೆ ಉಳಿಯಿತು. ನಮ್ಮ 'ಸೂತ್ರ'ವೂ ಹೀಗೆಯೇ ಅಲ್ವಾ? ಮಂಗಳಸೂತ್ರದಲ್ಲಿ ಅದು ಇನ್ನೂ ದಾರ, ಗಣಿತದ ಸೂತ್ರದಲ್ಲಿ ಅದು ನಿಯಮ. ಇಂಗ್ಲಿಷ್‌ನವರ ಗೈಡ್‌ಲೈನ್ ಕೂಡ ದಾರಿ ತೋರಿಸುವ ಗೆರೆಯಿಂದ ನಿಯಮವಾಯಿತು.

ಪ್ರಶ್ನೆ: ಮೇಡಂ, ನಾನು ಎಸ್ಟೇಟ್ ಲೈನಿನಲ್ಲಿ ಹುಟ್ಟಿ ಬೆಳೆದವಳು. ಈಗ ಡಿಗ್ರಿ ಕೊನೇ ವರ್ಷ. ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಹೇಳಿ ಅಂದರೆ 'ಲೈನ್ ಮನೆ' ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳಲಿ? ಕ್ಲಾಸಿನಲ್ಲಿ 'ಲೈನ್ ಹೌಸ್' ಅಂದಾಗ ಬೇರೆ ಊರಿನವರಿಗೆ ಗೊತ್ತಾಗಲಿಲ್ಲ. ಹೇಳದೇ ಇರುವುದೇ ವಾಸಿಯಾ?
ವಿದ್ಯಾರ್ಥಿನಿ, ಮೂಡಿಗೆರೆ ತಾಲ್ಲೂಕು

ಹೇಳಮ್ಮ. ಖಂಡಿತ ಹೇಳು. ಹೇಗೆ ಹೇಳಬೇಕು ಅನ್ನುವುದಷ್ಟೇ ಇಲ್ಲಿ ಪ್ರಶ್ನೆ, ಹೇಳಬೇಕೋ ಬೇಡವೋ ಅನ್ನುವುದು ಅಲ್ಲ.

ಮೊದಲು ಪದದ ಕಥೆ ಕೇಳು. ಬ್ರಿಟಿಷರ ದಂಡಿನಲ್ಲಿ ಸಿಪಾಯಿಗಳ ಗುಡಿಸಲುಗಳನ್ನು ಸಾಲಾಗಿ ಕಟ್ಟುತ್ತಿದ್ದರು, ಅದಕ್ಕೆ ಲೈನ್ಸ್ ಅನ್ನುತ್ತಿದ್ದರು. ದಿಲ್ಲಿಯಲ್ಲಿ, ಈಗ ಪ್ರಯಾಗ್‌ರಾಜ್ ಅನ್ನುವ ಅಲಹಾಬಾದಿನಲ್ಲಿ ಸಿವಿಲ್ ಲೈನ್ಸ್ ಅನ್ನುವ ಬಡಾವಣೆಗಳಿವೆಯಲ್ಲ, ನಮ್ಮಲ್ಲೂ ಪೊಲೀಸ್ ಲೈನ್ ಅನ್ನುತ್ತಾರಲ್ಲ, ಎಲ್ಲ ಅಲ್ಲಿಂದಲೇ ಬಂದದ್ದು. ದಂಡಿನ ಆ ಮಾತು ತೋಟದ ಕೆಲಸದವರ ಸಾಲುಮನೆಗಳಿಗೂ ಬಂತು. ಇದು ನಮ್ಮ ಕಾಫಿ ಸೀಮೆಗೆ ಮಾತ್ರ ಸೇರಿದ ಪದವೂ ಅಲ್ಲ. ಶ್ರೀಲಂಕಾದ ಟೀ ತೋಟಗಳಲ್ಲಿ ಲೈನ್ ರೂಮ್ ಅನ್ನುತ್ತಾರೆ. ಅಲ್ಲಿನ ತಮಿಳರ ಬಾಯಲ್ಲಿ ಅದು 'ಲಯಂ' ಆಗಿದೆ, ಕೇರಳದ ಮುನ್ನಾರಿನಲ್ಲೂ ಲಯಂ. ಕಬ್ಬಿನ ಕೆಲಸಕ್ಕೆ ಅಂತ ನಮ್ಮ ದೇಶದಿಂದ ಫಿಜಿಗೆ ಕರೆದುಕೊಂಡು ಹೋದವರು ಇದ್ದದ್ದೂ ಲೈನುಗಳಲ್ಲೇ. ನಿನ್ನ ಮನೆಯ ಹೆಸರು ಅಷ್ಟು ದೂರ ಹೋಗಿದೆ.

ಹಾಗಿದ್ದರೂ ಲೈನ್ ಹೌಸ್ ಅಂದರೆ ತೋಟ ನೋಡದವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಪದ ಹೇಳಿ, ಜೊತೆಗೇ ಬಿಡಿಸಿ ಹೇಳು. 'ಐ ಗ್ರೂ ಅಪ್ ಇನ್ ದಿ ಲೈನ್ಸ್, ದಿ ವರ್ಕರ್ಸ್ ಕ್ವಾರ್ಟರ್ಸ್ ಆನ್ ಎ ಕಾಫಿ ಎಸ್ಟೇಟ್.' ಇಷ್ಟು ಸಾಕು. ಇಲ್ಲಿ ಎರಡು ವಿಷಯ ಗಮನಿಸು. ಒಂದು, 'ಇನ್ ಎಸ್ಟೇಟ್' ಅಲ್ಲ, 'ಆನ್ ಎ ಕಾಫಿ ಎಸ್ಟೇಟ್'. ಎರಡು, ಕಾಫಿ ಅನ್ನುವ ಪದ ಬಿಡಬೇಡ. ಇಂಗ್ಲೆಂಡಿನಲ್ಲಿ ಬರೀ ಎಸ್ಟೇಟ್ ಅಂದರೆ ಒಂದೇ ತರದ ಮನೆಗಳ ಬಡಾವಣೆ ಅಂತಲೂ ಆಗುತ್ತದೆ, ಸತ್ತವರು ಬಿಟ್ಟುಹೋದ ಆಸ್ತಿ ಅಂತಲೂ ಆಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಳೇ ಕಾಗದಗಳಲ್ಲಿ ಇದಕ್ಕೆ 'ಕೂಲಿ ಲೈನ್' ಅಂತ ಇರುತ್ತದೆ. ಕನ್ನಡದಲ್ಲಿ ಕೂಲಿ ಅಂದರೆ ದುಡಿದದ್ದಕ್ಕೆ ಸಿಗುವ ಹಣ, ಅದರಲ್ಲಿ ತಪ್ಪೇನೂ ಇಲ್ಲ, 'ಇವತ್ತಿನ ಕೂಲಿ ಕೊಟ್ರಾ' ಅಂತ ಕೇಳುತ್ತೇವೆ. ಇಂಗ್ಲಿಷ್‌ಗೆ ಹೋದ ಮೇಲೆ ಅದೇ ಪದ ಮನುಷ್ಯರನ್ನು ಹೀಯಾಳಿಸುವ ಬೈಗುಳವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರನ್ನೇ ಹಾಗೆ ಕರೆದಿದ್ದರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೇರೆ ರಾಜ್ಯದಲ್ಲಿ ಒಂದು ತರಬೇತಿಗೆ ಹೋಗಿದ್ದೆ. ನಮ್ಮ ಜಿಲ್ಲೆಯ ಬಗ್ಗೆ ಹೇಳುತ್ತಾ ಇಂಗ್ಲಿಷ್‌ನಲ್ಲಿ 'ಕೂಲಿ ಲೈನ್ಸ್' ಅಂದೆ. ಊಟದ ಹೊತ್ತಿನಲ್ಲಿ ಒಬ್ಬ ಹಿರಿಯ ಉಪನ್ಯಾಸಕಿ ಪಕ್ಕಕ್ಕೆ ಕರೆದು, 'ನಮ್ಮ ತಾತ ಅಂಥದ್ದೇ ಲೈನಿನಿಂದ ಬಂದವರು, ಆ ಪದವನ್ನು ಇಂಗ್ಲಿಷ್‌ನಲ್ಲಿ ಬಳಸಬೇಡಿ ತಂಗಿ' ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ಇಂಗ್ಲಿಷ್‌ನಲ್ಲಿ ವರ್ಕರ್ಸ್ ಅಂತಲೇ ಹೇಳುತ್ತೇನೆ.

ತೋಟದಲ್ಲಿ ದುಡಿಯುವವರಿಗೆ ಮನೆ ಕೊಡುವುದು ಮಾಲೀಕರ ಜವಾಬ್ದಾರಿ ಅಂತ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ನಿನ್ನ ಅಪ್ಪ ಅಮ್ಮ ಆ ಮನೆಯಲ್ಲಿದ್ದದ್ದು ದುಡಿಮೆಯ ಹಕ್ಕಿನಿಂದ. ಇಂಟರ್‌ವ್ಯೂನಲ್ಲಿ ಇನ್ನೂ ಕೇಳಿದರೆ ನೀನು ಕಂಡದ್ದನ್ನೇ ಹೇಳು. ಒಂದೇ ಉದ್ದದ ಮಾಡು, ಅದರ ಕೆಳಗೆ ಸಾಲಾಗಿ ಬಾಗಿಲುಗಳು, ಎಲ್ಲರಿಗೂ ಸೇರಿ ಒಂದೇ ಜಗಲಿ. ಜುಲೈ ತಿಂಗಳಲ್ಲಿ ಒಲೆಯ ಮೇಲೆ ಕಟ್ಟಿದ ತಂತಿಯಲ್ಲಿ ಸ್ಕೂಲ್ ಯೂನಿಫಾರ್ಮ್ ಒಣಗುವುದು, ಬೆಳಗ್ಗೆ ಹಾಕಿಕೊಂಡಾಗ ಅದರಲ್ಲಿ ಹೊಗೆ ವಾಸನೆ. ಇದಕ್ಕೆಲ್ಲ ಇಂಗ್ಲಿಷ್ ಪದ ಸಿಗುತ್ತವೆ, ಸಿಗದಿದ್ದರೆ ನನಗೆ ಬರಿ.

ಪ್ರಶ್ನೆ: ನಾನು ತೋಟದಲ್ಲಿ ರೈಟರ್ ಕೆಲಸ ಮಾಡುತ್ತೇನೆ. ಈಗಿನ ಮಾಲೀಕರಿಗೆ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಬೇಕು. ಕಾಫಿ ಗಿಡದ ಸಾಲಿಗೆ ಲೈನ್ ಅನ್ನಬೇಕಾ, ರೋ ಅನ್ನಬೇಕಾ?
ಓದುಗರು, ಸಕಲೇಶಪುರ

ಗಿಡಗಳ ಸಾಲಿಗೆ ರೋ ಅನ್ನಿ. ಸಿನಿಮಾ ಟಾಕೀಸಿನ ಸೀಟು, ಕ್ಲಾಸಿನ ಬೆಂಚು, ಕಾಫಿ ಗಿಡ, ಇವೆಲ್ಲ ರೋ. ಒಬ್ಬರ ಹಿಂದೆ ಒಬ್ಬರು ನಿಂತು ಮುಂದಕ್ಕೆ ಸಾಗುತ್ತಿದ್ದರೆ ಲೈನ್, ಅದಕ್ಕೇ ಇಂಗ್ಲೆಂಡಿನವರು ಕ್ಯೂ ಅನ್ನುತ್ತಾರೆ. ಆದರೆ ನಿಮ್ಮ ಕೆಲಸದಲ್ಲಿ ಲೈನಿಂಗ್ ಅನ್ನುವುದೂ ಸರಿಯಾದ ಪದವೇ. ಹೊಸ ತೋಟ ಹಾಕುವಾಗ ಹಗ್ಗ ಎಳೆದು, ರೋಬಸ್ಟಾ ಆದರೆ ಹತ್ತತ್ತು ಅಡಿಗೆ, ಅರೇಬಿಕಾ ಆದರೆ ಆರು ಅಡಿ ಆಸುಪಾಸಿಗೆ ಗೂಟ ಹೊಡೆಯುತ್ತಾರಲ್ಲ, ಆ ಕೆಲಸಕ್ಕೆ ಲೈನಿಂಗ್ ಅಂತಲೇ ಬರೆಯಬೇಕು. ಅಲ್ಲಿ ಹಗ್ಗ ಇದೆ ನೋಡಿ. ಪದ ತನ್ನ ಹಳೇ ಅರ್ಥಕ್ಕೆ ವಾಪಸ್ ಬಂದ ಹಾಗಾಯಿತು.

ಮೇಸ್ತ್ರಿ 'ನೀವು ಆ ಲೈನ್ ಹಿಡೀರಿ' ಅಂತ ಹಣ್ಣು ಬಿಡಿಸುವವರಿಗೆ ಹೇಳುವುದು ನಮ್ಮ ಕನ್ನಡ. ಅದನ್ನು ರಿಪೋರ್ಟಿಗೆ ಹಾಗೇ ತರಬೇಡಿ, ಇಷ್ಟು ಜನ ಇಷ್ಟು ರೋ ಮುಗಿಸಿದರು ಅಂತ ಬರೆಯಿರಿ.

ಪ್ರಶ್ನೆ: ನಮ್ಮ ಮಾವ ಕರೆಂಟ್ ಇಲಾಖೆಯಲ್ಲಿದ್ದಾರೆ. ಫೋನಿನಲ್ಲಿ ಯಾವಾಗಲೂ 'ಎಲ್ಸಿ ತಗೊಂಡ್ರಾ, ಎಲ್ಸಿ ಕೊಟ್ರಾ' ಅನ್ನುತ್ತಿರುತ್ತಾರೆ. ಹಾಗಂದರೆ ಲೈನ್ ಕ್ಲಿಯರ್ ಅಂತೆ. ಇದು ಸರಿಯಾದ ಇಂಗ್ಲಿಷಾ?
ಓದುಗರು, ಕೊಪ್ಪ

ನಿಮ್ಮ ಮಾವನ ಮಾತಿಗೆ ಮೊದಲು ನಮಸ್ಕಾರ. ಆ ಎರಡಕ್ಷರದ ಮೇಲೆ ಜೀವ ನಿಂತಿರುತ್ತದೆ. ಕಂಬ ಹತ್ತುವ ಮೊದಲು ಆ ಭಾಗದ ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಅಂತ ಅನುಮತಿ ತೆಗೆದುಕೊಳ್ಳುವುದೇ ಎಲ್‌ಸಿ. ಕೆಲಸ ಮುಗಿಸಿ ಕೆಳಗಿಳಿದು ಎಲ್‌ಸಿ ವಾಪಸ್ ಕೊಡುವವರೆಗೆ ಅತ್ತ ಕಡೆ ಸ್ವಿಚ್ ಯಾರೂ ಮುಟ್ಟುವ ಹಾಗಿಲ್ಲ. ಮಲೆನಾಡಿನ ಮಳೆಯಲ್ಲಿ ಮರ ಬಿದ್ದು ಹನ್ನೊಂದು ಕೆವಿ ತಂತಿ ನೆಲಕ್ಕೆ ತಾಗಿದಾಗ, ಊರಿನವರೆಲ್ಲ 'ಯಾವಾಗ ಬರುತ್ತೆ, ಯಾವಾಗ ಬರುತ್ತೆ' ಅಂತ ಫೋನ್ ಮಾಡುತ್ತಿರುವಾಗ, ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಹೊರಟವರು ಈ ಒಂದು ಮಾತನ್ನು ನಂಬಿ ಕಂಬ ಹತ್ತುತ್ತಾರೆ.

ಮಾತು ನಮ್ಮ ದೇಶದಲ್ಲಿ ಪೂರ್ತಿ ಸರಿ. ಬೇರೆ ದೇಶಗಳಲ್ಲಿ 'ಪರ್ಮಿಟ್ ಟು ವರ್ಕ್' ಅನ್ನುವುದು ಜಾಸ್ತಿ. ರೈಲಿನಲ್ಲೂ ಲೈನ್ ಕ್ಲಿಯರ್ ಇದೆ. ಒಂಟಿ ಹಳಿಯಲ್ಲಿ ಎದುರಿನಿಂದ ಗಾಡಿ ಬರುತ್ತಿಲ್ಲ ಅಂತ ಮುಂದಿನ ಸ್ಟೇಷನ್ ಒಪ್ಪಿಗೆ ಕೊಟ್ಟ ಮೇಲೆಯೇ ಗಾಡಿ ಬಿಡುತ್ತಿದ್ದರು. ಸಣ್ಣ ಸ್ಟೇಷನ್ನುಗಳಲ್ಲಿ ಬೆತ್ತದ ದೊಡ್ಡ ಬಳೆಯಂಥದ್ದನ್ನು ಎತ್ತಿ ಹಿಡಿದು ನಿಂತಿರುತ್ತಿದ್ದರು, ಓಡುತ್ತಿರುವ ಎಂಜಿನ್ನಿನಿಂದ ಕೈ ಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದರ ಚೀಲದಲ್ಲಿ ಒಂದು ಲೋಹದ ಗುಂಡು ಇರುತ್ತಿತ್ತು, ಅದೇ ಮುಂದಿನ ಹಳಿಯ ಅನುಮತಿ. ನಾನು ಚಿಕ್ಕವಳಿದ್ದಾಗ ಅದನ್ನು ನೋಡಲಿಕ್ಕೇ ಕಿಟಕಿ ಪಕ್ಕ ಕೂರುತ್ತಿದ್ದೆ.

ಇನ್ನೊಂದು, ಈಗ ಆ ಕೆಲಸಕ್ಕೆ ಸರ್ಕಾರಿ ಕಾಗದದಲ್ಲಿ ಪವರ್‌ಮ್ಯಾನ್ ಅಂತ ಇದೆ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಲೈನ್‌ಮ್ಯಾನೇ.

ಪ್ರಶ್ನೆ: ನಾನು ಚನ್ನರಾಯಪಟ್ಟಣದವನು, ಬೆಂಗಳೂರಿನಲ್ಲಿ ಕೆಲಸ. ಮ್ಯಾನೇಜರ್ ಒಂದು ಮೇಲ್‌ನಲ್ಲಿ 'ಅವರ್ ಜಾಬ್ಸ್ ಆರ್ ಆನ್ ದಿ ಲೈನ್' ಅಂತ ಬರೆದಿದ್ದರು. ಎಲ್ಲ ಸರಿಯಾಗಿ, ಲೈನಾಗಿ ನಡೆಯುತ್ತಿದೆ ಅಂದುಕೊಂಡು 'ಥ್ಯಾಂಕ್ಯೂ' ಅಂತ ಉತ್ತರ ಹಾಕಿದೆ. ಆಮೇಲೆ ಸ್ನೇಹಿತರು ಹೇಳಿದರು, ಅದು ಹಾಗಲ್ಲ ಅಂತೆ.

ಹೌದು, ಅದು ಹಾಗಲ್ಲ. ಆನ್ ದಿ ಲೈನ್ ಅಂದರೆ ಕೆಲಸ ಹೋಗುವ ಅಪಾಯದಲ್ಲಿದೆ ಅಂತ ಅರ್ಥ. ಮುಜುಗರ ಬೇಡಪ್ಪ, ಇಲ್ಲಿ ಇಂಗ್ಲಿಷೇ ತೊಡಕು. ಈ ಪದದ ಹಿಂದೆ ಮುಂದೆ ಒಂದು ಸಣ್ಣ ಅಕ್ಷರ ಬದಲಾದರೂ ಅರ್ಥ ತಲೆಕೆಳಗಾಗುತ್ತದೆ.

ಇನ್ ಲೈನ್ ಅಂದರೆ ಸಾಲಿನಲ್ಲಿ. ಇನ್ ಲೈನ್ ವಿತ್ ಅಂದರೆ ಹೊಂದಿಕೊಂಡು, ಅನುಸಾರವಾಗಿ. 'ಸಂಬಳ ನಿಯಮದ ಪ್ರಕಾರ ಇದೆ' ಅನ್ನಲು ಇದನ್ನು ಬಳಸಬಹುದು. ಇನ್ ಲೈನ್ ಫಾರ್ ಅಂದರೆ ಸಿಗುವ ಸರದಿ ಹತ್ತಿರ ಬಂದಿದೆ, ಪ್ರಮೋಷನ್ ಬರುವ ಹಾಗಿದೆ ಅಂತ. ಔಟ್ ಆಫ್ ಲೈನ್ ಅಂದರೆ ಮಿತಿ ಮೀರಿದ ನಡತೆ. ಫೋನಿನಲ್ಲಿ ಯಾರಾದರೂ ಆನ್ ದಿ ಲೈನ್ ಇದ್ದಾರೆ ಅಂದರೆ ಅಪಾಯವೇನಿಲ್ಲ, ಮಾತಾಡಲು ಕಾಯುತ್ತಿದ್ದಾರೆ ಅಷ್ಟೇ. ಆನ್‌ಲೈನ್ ಅಂತ ಒಂದೇ ಪದವಾಗಿ ಬರೆದರೆ ಇಂಟರ್‌ನೆಟ್. ಅಮೆರಿಕದ ನ್ಯೂಯಾರ್ಕಿನವರು ಕ್ಯೂ ನಿಲ್ಲುವುದಕ್ಕೂ 'ಆನ್ ಲೈನ್' ಅನ್ನುತ್ತಾರೆ, ಅದನ್ನು ಕಲಿಯುವ ಅಗತ್ಯ ನಿಮಗಿಲ್ಲ.

ಬಾಸ್ ಮೇಲ್‌ಗಳಲ್ಲಿ ಇನ್ನೆರಡು ಬರುತ್ತವೆ. ಬಾಟಮ್ ಲೈನ್, ಅಂದರೆ ಲೆಕ್ಕದ ಪುಸ್ತಕದ ಕೊನೇ ಸಾಲು, ಲಾಭವೋ ನಷ್ಟವೋ ಅಲ್ಲಿ ಕಾಣುತ್ತದೆ. ಅಲ್ಲಿಂದ 'ಕೊನೆಗೆ ಮುಖ್ಯವಾದದ್ದು' ಅಂತ ಅರ್ಥ ಬಂತು. ಟೋ ದಿ ಲೈನ್ ಅಂದರೆ ಹೇಳಿದ ಹಾಗೆ ನಡೆದುಕೊಳ್ಳುವುದು. ಇಲ್ಲಿ ಟೋ ಅಂದರೆ ಕಾಲಿನ ಬೆರಳು. ಓಟದ ಪಂದ್ಯದಲ್ಲಿ ಗೆರೆಗೆ ಕಾಲಿನ ಬೆರಳು ತಾಗಿಸಿ ನಿಲ್ಲುತ್ತಾರಲ್ಲ, ಹಾಗೆ. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವ ಟೋ ಅಂತ ತಿಳಿದು ಸ್ಪೆಲ್ಲಿಂಗ್ ತಪ್ಪು ಮಾಡುವವರು ಇಂಗ್ಲಿಷ್‌ನವರಲ್ಲೂ ಬಹಳ ಇದ್ದಾರೆ.

ಮ್ಯಾನೇಜರಿಗೆ ಒಂದು ಮಾತು ಬರೆದುಬಿಡಿ, ನಾನು ಬೇರೆ ಅರ್ಥ ಮಾಡಿಕೊಂಡಿದ್ದೆ ಅಂತ. ಆ ಮೇಲ್ ಬರೆಯುವಾಗ ಅವರಿಗೂ ಸಂಕಟ ಇದ್ದಿರುತ್ತದೆ.

ಪ್ರಶ್ನೆ: ಬಿಪಿಎಲ್ ಕಾರ್ಡ್ ಅನ್ನುವುದರಲ್ಲಿ ಎಲ್ ಅಂದರೆ ಏನು?
ಓದುಗರು, ಕಡೂರು

ಎಲ್ ಅಂದರೆ ಲೈನ್. ಬಿಲೋ ಪಾವರ್ಟಿ ಲೈನ್, ಬಡತನದ ರೇಖೆಗಿಂತ ಕೆಳಗೆ. ನಮ್ಮ ಜನ ಅತಿ ಹೆಚ್ಚು ಬಳಸುವ 'ಲೈನ್' ಬಹುಶಃ ಇದೇ ಇರಬೇಕು, ಆದರೆ ಅದರಲ್ಲೊಂದು ಗೆರೆ ಅಡಗಿದೆ ಅಂತ ಯೋಚಿಸುವವರು ಕಡಿಮೆ.

ಆ ಗೆರೆಯನ್ನು ಎಲ್ಲಿ ಎಳೆದರು ಅಂತ ಕೇಳಿದರೆ, 1979ರಲ್ಲಿ ಒಂದು ತಜ್ಞರ ತಂಡ ಊಟದ ಲೆಕ್ಕದಲ್ಲಿ ಎಳೆಯಿತು. ಹಳ್ಳಿಯವರಿಗೆ ದಿನಕ್ಕೆ 2400 ಕ್ಯಾಲೊರಿ, ಪಟ್ಟಣದವರಿಗೆ 2100. ಅಷ್ಟು ಊಟ ಸಿಗುವ ಮಟ್ಟದ ಖರ್ಚು ಮಾಡಲಾಗದ ಮನೆ ಗೆರೆಯ ಕೆಳಗೆ. ಹಳ್ಳಿಯವರಿಗೆ ಯಾಕೆ ಜಾಸ್ತಿ ಅಂದರೆ ಮೈ ಬಗ್ಗಿಸಿ ದುಡಿಯುವವರು ಅಂತ. ಆಮೇಲೆ ಲೆಕ್ಕದ ರೀತಿ ಹಲವು ಸಲ ಬದಲಾಯಿತು, 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಕಾರ್ಡಿನ ಸರ್ಕಾರಿ ಹೆಸರೂ ಬೇರೆ ಆಯಿತು. ನಮಗೆ ಅದು ಬಿಪಿಎಲ್ ಕಾರ್ಡೇ. ಮಳೆ ಕೈಕೊಟ್ಟ ವರ್ಷ ಕಡೂರಿನ ಕಡೆ ಎಷ್ಟೋ ಮನೆ ಆ ಗೆರೆಯ ಮೇಲಿನಿಂದ ಕೆಳಗೆ ಬರುತ್ತವೆ. ಕಾರ್ಡಿನಲ್ಲಿರುವ ಗೆರೆ ಅಷ್ಟು ಬೇಗ ಅಲ್ಲಾಡುವುದಿಲ್ಲ, ಅದು ನನಗೆ ಯಾವತ್ತೂ ಬೇಸರದ ವಿಷಯ.

ಪ್ರಶ್ನೆ: ಡೆಡ್‌ಲೈನ್ ಅನ್ನುವುದರಲ್ಲಿ ಡೆಡ್ ಯಾಕೆ ಬಂತು? ಯಾರು ಸತ್ತರು?
ವಿದ್ಯಾರ್ಥಿ, ಹೊಳೆನರಸೀಪುರ

ನಿಜವಾಗಲೂ ಸತ್ತರು. ಅಮೆರಿಕದ ಅಂತರ್ಯುದ್ಧದ ಕಾಲ, 1864. ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಅನ್ನುವಲ್ಲಿ ಸೆರೆಸಿಕ್ಕ ಸೈನಿಕರನ್ನು ಬಯಲಿನಲ್ಲಿ ಕೂಡಿಹಾಕಿದ್ದರು. ಸುತ್ತ ಮರದ ದಿಮ್ಮಿಗಳ ಎತ್ತರದ ಬೇಲಿ. ಅದರ ಒಳಗೆ ಸ್ವಲ್ಪ ದೂರದಲ್ಲಿ ಇನ್ನೊಂದು ಸಣ್ಣ ಬೇಲಿ, ಅದಕ್ಕೆ ಡೆಡ್ ಲೈನ್ ಅನ್ನುತ್ತಿದ್ದರು. ಅದನ್ನು ದಾಟಿದವರಿಗೆ ಕಾವಲುಗಾರರು ಗುಂಡು ಹಾರಿಸುತ್ತಿದ್ದರು. ಆ ಸೆರೆಮನೆಗೆ ಬಂದ ಸುಮಾರು 45,000 ಜನರಲ್ಲಿ 13,000ದಷ್ಟು ಜನ ಹಸಿವು, ಭೇದಿ, ಕಾಯಿಲೆಯಲ್ಲಿ ಸತ್ತರು. ಯುದ್ಧ ಮುಗಿದ ಮೇಲೆ 1865ರಲ್ಲಿ ಅಲ್ಲಿನ ಅಧಿಕಾರಿ ಹೆನ್ರಿ ವಿರ್ಜ್‌ನನ್ನು ಗಲ್ಲಿಗೇರಿಸಿದರು. ಗಡುವು ಅನ್ನುವ ಅರ್ಥ ಬಂದದ್ದು ಆಮೇಲೆ, 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ. ಕನ್ನಡದ 'ಗಡುವು' ಚೆನ್ನಾಗಿದೆ, ಅದನ್ನೇ ಬಳಸು.

ಪ್ರಶ್ನೆ: ಕ್ರಿಕೆಟ್ ಕಾಮೆಂಟರಿಯಲ್ಲಿ ಲೈನ್ ಅಂಡ್ ಲೆಂತ್ ಅಂತಾರಲ್ಲ, ಎರಡಕ್ಕೂ ವ್ಯತ್ಯಾಸ ಏನು?
ಓದುಗರು, ಜಾವಗಲ್

ನಿಮ್ಮ ಊರಿನ ಹೆಸರನ್ನು ಜಗತ್ತಿಗೆ ಹೇಳಿದ್ದೇ ಲೈನ್ ಅಂಡ್ ಲೆಂತ್, ಅಲ್ವಾ? ಜಾವಗಲ್ ಶ್ರೀನಾಥ್ ಒಂದು ದಿನದ ಪಂದ್ಯಗಳಲ್ಲೇ 315 ವಿಕೆಟ್ ತೆಗೆದವರು. ಚೆಂಡು ಎಷ್ಟು ಮುಂದೆ ಅಥವಾ ಹಿಂದೆ ಪಿಚ್ ಬೀಳುತ್ತದೆ ಅನ್ನುವುದು ಲೆಂತ್. ಆಫ್ ಸ್ಟಂಪಿಗೋ, ನಡುವಿನ ಸ್ಟಂಪಿಗೋ, ಲೆಗ್ ಕಡೆಗೋ, ಎತ್ತ ಹೋಗುತ್ತದೆ ಅನ್ನುವುದು ಲೈನ್. ಬೌಲರಿನಿಂದ ಸ್ಟಂಪಿಗೆ ಒಂದು ದಾರ ಎಳೆದಿದ್ದಾರೆ ಅಂದುಕೊಳ್ಳಿ, ಆ ದಾರದಿಂದ ಚೆಂಡು ಎಷ್ಟು ಆಚೀಚೆ ಅಂತ ನೋಡುವುದು. ರನ್‌ಔಟಿನಲ್ಲಿ 'ಆನ್ ದಿ ಲೈನ್ ಈಸ್ ಔಟ್' ಅನ್ನುತ್ತಾರೆ, ಬ್ಯಾಟು ಗೆರೆಯ ಮೇಲಿದ್ದರೆ ಸಾಲದು, ದಾಟಿರಬೇಕು. ಹಳೇ ಬ್ಯಾಟಿಗೆ ಸವರುವ ಎಣ್ಣೆಯೂ ಅಗಸೆಯದೇ ಅಂತ ಬೇಲೂರಿನವರ ಪ್ರಶ್ನೆಗೆ ಹೇಳಲು ಮರೆತಿದ್ದೆ, ಅಲ್ಲಿ ಹೇಳಿದ ಲಿನ್‌ಸೀಡ್ ಎಣ್ಣೆಯೇ ಇದು.

ಪ್ರಶ್ನೆ: 'ಲೈನ್ ಹೊಡೆಯೋದು' ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಏನು? ಸುಮ್ನೆ ಕುತೂಹಲ.
ಓದುಗರು, ಹಾಸನ

ಇದು ಇಂಗ್ಲಿಷ್ ಪದ ಹಾಕಿ ನಾವು ಮಾಡಿಕೊಂಡ ಮಾತು, ಹಿಂದಿಯಲ್ಲೂ ಇದೆ. ಇಂಗ್ಲಿಷ್‌ನವರಿಗೆ ಹೀಗೆಂದರೆ ಗೊತ್ತಾಗುವುದಿಲ್ಲ. ಇಬ್ಬರಿಗೂ ಇಷ್ಟವಿದ್ದು ತಮಾಷೆಯಾಗಿ ಮಾತಾಡುತ್ತಿದ್ದರೆ ಫ್ಲರ್ಟ್ ಅನ್ನಬಹುದು. ಹುಡುಗಿ ಮುಖ ತಿರುಗಿಸಿದರೂ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಾದು ನಿಲ್ಲುವುದಕ್ಕೆ ಇಂಗ್ಲಿಷ್ ಪದ ಹರಾಸ್. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ ಇದೆ, ಅದು ಸರಿಯಲ್ಲ ಅಂತ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಅನ್ನಿಸುತ್ತದೆ.

ಪ್ರಶ್ನೆ: ವಿದೇಶದಲ್ಲಿರುವ ಮೊಮ್ಮಗಳು ಪ್ರತಿ ಮೆಸೇಜಿನ ಕೊನೆಗೆ 'ಡ್ರಾಪ್ ಮಿ ಎ ಲೈನ್, ಅಜ್ಜಿ' ಅಂತ ಹಾಕುತ್ತಾಳೆ. ಯಾವ ಲೈನನ್ನು ಎಲ್ಲಿ ಹಾಕಲಿ?
ಓದುಗರು, ಅರಕಲಗೂಡು

ಅಜ್ಜೀ, ಇಲ್ಲಿ ಲೈನ್ ಅಂದರೆ ಬರೆದ ಸಾಲು. ನನಗೊಂದು ಸಾಲು ಬರೆದು ಹಾಕು ಅಂತ ಕೇಳುತ್ತಿದ್ದಾಳೆ. ನಾನು ಹಾಸ್ಟೆಲಿಗೆ ಹೊರಟಾಗ ನಮ್ಮಮ್ಮ ಇದನ್ನೇ ಹೇಳುತ್ತಿದ್ದರು, 'ಹೋದ ತಕ್ಷಣ ನಾಲ್ಕು ಸಾಲು ಬರೆದು ಹಾಕು.' ಇಂಗ್ಲಿಷ್‌ನವರು ಒಂದು ಸಾಲು ಕೇಳುತ್ತಾರೆ, ನಮ್ಮವರು ನಾಲ್ಕು ಕೇಳುತ್ತಾರೆ. ಕನ್ನಡದಲ್ಲೇ ಬರೆಯಿರಿ. ಅವಳಿಗೆ ಓದಲು ಬರದಿದ್ದರೆ ಮೈಕ್ ಗುರುತು ಒತ್ತಿ ಹಿಡಿದು ಓದಿ ಕಳಿಸಿ.